ವಿಂಡೋಸ್ 11ಕ್ಕೆ ಹೋಗೋದಾ ಬೇಡ್ವಾ: ನಮ್ಮ ಡಿಟಿಪಿ ಅಂಗಡಿಯ ಎರಡು ಕಂಪ್ಯೂಟರ್‌ಗಳ ಅನುಭವ

ತಿಪಟೂರಲ್ಲಿ ಬಿ.ಎಚ್. ರೋಡ್ ಹತ್ರ ನಂದೊಂದು ಚಿಕ್ಕ ಡಿಟಿಪಿ, ಜೆರಾಕ್ಸ್ ಅಂಗಡಿ. ಲಗ್ನಪತ್ರಿಕೆ, ದೇವಸ್ಥಾನದ ಕರಪತ್ರ, ಕೊಬ್ಬರಿ ಮಂಡಿಯವರ ಬಿಲ್ ಬುಕ್ಕು, ಜೊತೆಗೆ ಪಹಣಿ ತೆಗೆದುಕೊಡೋದು, ಸೇವಾ ಸಿಂಧು ಅರ್ಜಿ ಹಾಕೋದು, ಇದೇ ದಿನದ ಕೆಲಸ. ಎರಡು ಕಂಪ್ಯೂಟರ್ ಇದೆ, ಎರಡರಲ್ಲೂ ವಿಂಡೋಸ್ 10 ಇತ್ತು. 2025ರ ಅಕ್ಟೋಬರ್ 14ಕ್ಕೆ ಅದರ ಸಪೋರ್ಟ್ ಮುಗಿಯುತ್ತೆ ಅಂತ ಸ್ಕ್ರೀನ್ ಮೇಲೆ ನೋಟಿಸ್ ಬರೋಕೆ ಶುರುವಾದಾಗ ಮೊದಮೊದಲು ಕ್ಲೋಸ್ ಮಾಡ್ತಾ ಹೋದೆ, ಆಮೇಲೆ ಸೆಪ್ಟೆಂಬರ್ ಬಂತು, ಇನ್ನು ಸುಮ್ನೆ ಇರೋಕಾಗಲ್ಲ ಅನ್ನಿಸ್ತು.

ಕೇಳಿದವರೆಲ್ಲ ಒಂದೊಂದು ಹೇಳಿದ್ರು. ರಿಪೇರಿ ಹುಡುಗ "ಅಕ್ಕ, ಎರಡನ್ನೂ ಕೊಟ್ಟು ಹೊಸದು ತಗೊಂಬಿಡಿ" ಅಂದ. ನಮ್ಮ ಮನೆಯವರು "ನಡೀತಾ ಇರೋದನ್ನ ಯಾಕೆ ಕೆಣಕ್ತೀಯಾ, ಅದೇನು ಅವತ್ತೇ ನಿಂತೋಗುತ್ತಾ" ಅಂದ್ರು. ನಿಂತೋಗಲ್ಲ, ಅದು ನಿಜ. ಸಪೋರ್ಟ್ ಮುಗಿಯೋದು ಅಂದ್ರೆ ಸೆಕ್ಯುರಿಟಿ ಅಪ್‌ಡೇಟ್ ಬರೋದು ನಿಲ್ಲುತ್ತೆ ಅಷ್ಟೇ, ಮಿಷಿನ್ ಮಾರನೇ ದಿನನೂ ಆನ್ ಆಗುತ್ತೆ, ಪ್ರಿಂಟ್ ಕೊಡುತ್ತೆ. ಮನೇಲಿ ಹಾಡು ಕೇಳೋಕೆ ಇಟ್ಕೊಂಡಿರೋ ಕಂಪ್ಯೂಟರ್ ಆಗಿದ್ರೆ ನಾನೂ ಬಿಡ್ತಿದ್ನೇನೋ. ಆದ್ರೆ ನಮ್ಮಂಥ ಅಂಗಡಿಗೆ ದಿನಕ್ಕೆ ಹತ್ತಾರು ಪೆನ್‌ಡ್ರೈವ್ ಬರುತ್ತೆ, ಯಾರದು ಎಲ್ಲೆಲ್ಲಿ ಹೋಗಿ ಬಂದಿರುತ್ತೋ ಗೊತ್ತಿಲ್ಲ. ಒಂದ್ಸಲ ಶಾರ್ಟ್‌ಕಟ್ ವೈರಸ್ ಹೊಕ್ಕು ನಮ್ಮಿಂದಾನೇ ಮೂರ್ನಾಲ್ಕು ಜನರ ಪೆನ್‌ಡ್ರೈವ್‌ಗೆ ಹೋಗಿತ್ತು, ಅದರಲ್ಲೊಬ್ಬಳು ಹುಡುಗಿ ಕಾಲೇಜಿನ ಪ್ರಾಜೆಕ್ಟ್ ಸಿಗ್ತಿಲ್ಲ ಅಂತ ಅಂಗಡಿ ಮುಂದೆ ನಿಂತು ಅತ್ತಿದ್ದು ನನಗಿನ್ನೂ ಮರೆತಿಲ್ಲ. ಜನ ಆಧಾರ್, ಪಾಸ್‌ಬುಕ್, ಮಕ್ಕಳ ಮಾರ್ಕ್ಸ್ ಕಾರ್ಡ್ ಎಲ್ಲಾ ನನ್ನ ಕೈಗೆ ಕೊಟ್ಟು ಹೋಗ್ತಾರೆ, ನಂಬಿ ಕೊಡ್ತಾರೆ. ಆ ಮಿಷಿನ್‌ಗೆ ಬಾಗಿಲು ಹಾಕದೇ ಇಡೋದು ತಪ್ಪು ಅಂತ ನನಗೆ ಖಂಡಿತ ಅನ್ನಿಸ್ತು.

ಎಲ್ಲರೂ ಮೊದಲು ಕೇಳೋದು "ನಿಮ್ಮ ಮಿಷಿನ್ ವಿಂಡೋಸ್ 11 ತಗೊಳ್ಳುತ್ತಾ" ಅಂತ. ನಾನು ಉಲ್ಟಾ ಶುರು ಮಾಡಿದೆ. ಒಂದು ನೋಟ್‌ಬುಕ್ ತಗೊಂಡು ಒಂದು ವಾರ ಅಂಗಡೀಲಿ ಯಾವ ಯಾವ ಕೆಲಸ ಯಾವ ಮಿಷಿನ್‌ನಲ್ಲಿ, ಯಾವ ಸಾಫ್ಟ್‌ವೇರ್‌ನಲ್ಲಿ, ಯಾವ ಡಬ್ಬಿಗೆ ವೈರ್ ಚುಚ್ಚಿ ಮಾಡಿದೆ ಅಂತ ಬರೀತಾ ಹೋದೆ. ವಾರ ಮುಗಿಯೋ ಹೊತ್ತಿಗೆ ಗೊತ್ತಾಗಿದ್ದೇನಂದ್ರೆ ನನ್ನ ಹೊಟ್ಟೆಪಾಡು ನಿಂತಿರೋದು ನಾಲ್ಕೇ ವಸ್ತು ಮೇಲೆ: ಪುಟ ಜೋಡಿಸೋ ಪೇಜ್‌ಮೇಕರ್ 7, ಕನ್ನಡ ಟೈಪಿಂಗ್‌ನ ನುಡಿ, ಲೇಸರ್ ಪ್ರಿಂಟರ್, ಮತ್ತೆ ಹಳೇ ಸ್ಕ್ಯಾನರ್. ಬ್ರೌಸರ್ ಕೆಲಸ ಎಲ್ಲಿ ಬೇಕಾದ್ರೂ ಆಗುತ್ತೆ, ಅದರ ಬಗ್ಗೆ ಚಿಂತೆ ಇಲ್ಲ. ಬೆರಳಚ್ಚು ತಗೊಳ್ಳೋ ಡಿವೈಸ್‌ಗೂ ಹೊಸ ಡ್ರೈವರ್, ಅಂದ್ರೆ ಅದನ್ನ ನಡೆಸೋ ಸಾಫ್ಟ್‌ವೇರ್, ಸಿಗುತ್ತೆ.

ಪೇಜ್‌ಮೇಕರ್ ಅಂದ್ರೆ ಈಗಿನ ಹುಡುಗರು ನಗ್ತಾರೆ. 2001ರಲ್ಲಿ ಬಂದ 7ನೇ ವರ್ಶನ್ನೇ ಕೊನೇದು, ಎಲ್ಲಾ ಕಂಪ್ಯೂಟರ್, ಫೋನ್‌ನಲ್ಲೂ ಕನ್ನಡ ಕನ್ನಡವಾಗೇ ಕಾಣೋ ಯುನಿಕೋಡ್ ಪದ್ಧತಿ ಅನ್ನೋದೇ ಅದಕ್ಕೆ ಗೊತ್ತಿಲ್ಲ. ಆದ್ರೆ ನನ್ನ ಹನ್ನೊಂದು ವರ್ಷದ ಫೈಲ್ ಎಲ್ಲಾ ಅದರಲ್ಲೇ ಇದೆ. ನಮ್ಮ ಕೆಲಸ ನಡಿಯೋದೇ ಹಳೇ ಫೈಲ್ ಮೇಲೆ. ಗಿರಾಕಿ ಬಂದು "ನಮ್ಮ ದೊಡ್ಡವಳ ಮದುವೆದು ಮಾಡ್ಕೊಟ್ಟಿದ್ರಲ್ಲ, ಅದೇ ಥರ ಚಿಕ್ಕವಳದ್ದೂ ಮಾಡಿ" ಅಂತಾರೆ, ನಾನು ಆ ಫೈಲ್ ತೆಗೆದು ಹೆಸರು, ಮುಹೂರ್ತ, ಛತ್ರ ಬದಲಾಯಿಸ್ತೀನಿ. ಆ ಫೈಲ್ ತೆರೀಲಿಲ್ಲ ಅಂದ್ರೆ ಹೊಸ ಮಿಷಿನ್ ಎಷ್ಟು ಸ್ಪೀಡಿದ್ದು ಏನು ಪ್ರಯೋಜನ.

ಆಮೇಲೆ ಮಿಷಿನ್ ಕಡೆ ಬಂದೆ. ಒಳಗಡೆ ಇರೋದು 2019ರಲ್ಲಿ ತಗೊಂಡಿದ್ದು, ಇಂಟೆಲ್ ಐ5, 8ನೇ ಜನರೇಶನ್, 8 ಜಿಬಿ ರ್‍ಯಾಮ್. ಮುಂದಿನ ಟೇಬಲ್ದು ಅದಕ್ಕಿಂತ ಹಳೇದು, 4ನೇ ಜನರೇಶನ್ ಐ3, 4 ಜಿಬಿ, ಅದರಲ್ಲಿದ್ದಿದ್ದು 32 ಬಿಟ್ ವಿಂಡೋಸ್. ಇಂಟೆಲ್‌ದಾದ್ರೆ 8ನೇ ಜನರೇಶನ್ ಇಲ್ಲಾ ಅದಕ್ಕಿಂತ ಹೊಸದು ಇರ್ಬೇಕು, ಟಿಪಿಎಂ 2.0 ಅನ್ನೋ ಸೆಕ್ಯುರಿಟಿ ಭಾಗ ಬೇಕು, ಆನ್ ಆಗುವಾಗ ನಂಬಿಕೆಯ ಸಾಫ್ಟ್‌ವೇರ್ ಮಾತ್ರ ಬಿಡೋ ಸೆಕ್ಯೂರ್ ಬೂಟ್ ಬೇಕು, ಇದು ವಿಂಡೋಸ್ 11ರ ನಿಯಮ. ಪಿಸಿ ಹೆಲ್ತ್ ಚೆಕ್ ಅಂತ ಒಂದು ಚಿಕ್ಕ ಪ್ರೋಗ್ರಾಂ ಹಾಕಿ ನೋಡಿದ್ರೆ ಎರಡಕ್ಕೂ ಆಗಲ್ಲ ಅಂತ ಬಂತು. ಹಳೇದಕ್ಕೆ ಆಗಲ್ಲ ಸರಿ, 2019ರದ್ದಕ್ಕೂ ಯಾಕೆ ಅಂತ ನೋಡಿದ್ರೆ ಟಿಪಿಎಂ ಇಲ್ಲ ಅಂತ ತೋರಿಸ್ತಿತ್ತು. ಇಲ್ಲೇ ಎಷ್ಟೋ ಜನ ಮೋಸ ಹೋಗ್ತಾರೆ, ಮಿಷಿನ್ ವೇಸ್ಟ್ ಅಂದ್ಕೊಂಡು ಮಾರಿಬಿಡ್ತಾರೆ. ಟಿಪಿಎಂ ಇತ್ತು, ಆಫ್ ಆಗಿತ್ತು ಅಷ್ಟೆ. ಇಂಟೆಲ್ ಬೋರ್ಡ್‌ನಲ್ಲಿ ಬಯಾಸ್‌ಗೆ, ಅಂದ್ರೆ ವಿಂಡೋಸ್ ಶುರುವಾಗೋ ಮುಂಚಿನ ಸೆಟ್ಟಿಂಗ್ಸ್‌ಗೆ ಹೋದ್ರೆ ಪಿಟಿಟಿ ಅಂತ ಇರುತ್ತೆ, ಅದನ್ನ ಎನೇಬಲ್ ಮಾಡಿದ್ರೆ ಟಿಪಿಎಂ ಬಂತು. ಹೊಸ ಮಿಷಿನ್‌ಗೆ 40000 ಹೇಳಿದ್ರು ಅಂಗಡಿಯವರು, ನನಗೆ ಆ ಖರ್ಚು ಉಳೀತು.

ಆದ್ರೆ ಅಲ್ಲೇ ಒಂದು ತಪ್ಪು ಮಾಡಿದೆ. ಸೆಕ್ಯೂರ್ ಬೂಟ್ ಆನ್ ಮಾಡೋಕೆ ಹಳೇ ಪದ್ಧತೀಲಿ ಬೂಟ್ ಮಾಡಿಸೋ ಸಿಎಸ್‌ಎಂ ಅನ್ನೋ ಸೆಟ್ಟಿಂಗ್ ಆಫ್ ಮಾಡ್ಬೇಕು, ಮಾಡಿದೆ, ಸೇವ್ ಕೊಟ್ಟೆ, ಮಿಷಿನ್ ತಿರುಗಿ ಆನ್ ಆಯ್ತು, ಕಪ್ಪು ಸ್ಕ್ರೀನ್, ಬೂಟ್ ಡಿವೈಸ್ ಇಲ್ಲ ಅಂತ ಒಂದೇ ಸಾಲು. ಸಂಜೆ ಆರೂವರೆ, ಹೊರಗಡೆ ಇಬ್ಬರು ಕಾಯ್ತಾ ಕೂತಿದಾರೆ, ಕೈಕಾಲು ತಣ್ಣಗಾಯ್ತು. ಹತ್ತು ನಿಮಿಷ ಆದ್ಮೇಲೆ ತಲೆಗೆ ಹೊಳೀತು, ಹಳೇ ಡಿಸ್ಕ್ ಎಂಬಿಆರ್ ಅನ್ನೋ ಹಳೇ ಪದ್ಧತಿದು, ಅದು ಯುಇಎಫ್ಐ ಅನ್ನೋ ಹೊಸ ಬೂಟ್ ಪದ್ಧತೀಲಿ ಬೂಟ್ ಆಗೋದೇ ಇಲ್ಲ. ಬಯಾಸ್‌ಗೆ ಹೋಗಿ ಸಿಎಸ್‌ಎಂ ಮತ್ತೆ ಆನ್ ಮಾಡಿದೆ, ಎಲ್ಲಾ ಹಾಗೇ ವಾಪಸ್ ಬಂತು, ಡೇಟಾ ಏನೂ ಹೋಗಿರ್ಲಿಲ್ಲ. ನೀವು ಬಯಾಸ್ ಮುಟ್ಟೋ ಮುಂಚೆ ಮಿಷಿನ್ ವಿವರ ತೋರಿಸೋ ಎಂಎಸ್‌ಇನ್ಫೋ32 ಪ್ರೋಗ್ರಾಂ ತೆರೆದು ಬಯಾಸ್ ಮೋಡ್ ಅನ್ನೋ ಸಾಲಲ್ಲಿ ಲೆಗಸಿ ಅಂತ ಇದ್ಯಾ ಯುಇಎಫ್ಐ ಅಂತ ಇದ್ಯಾ ನೋಡ್ಕೊಳ್ಳಿ. ಲೆಗಸಿ ಇದ್ರೆ ಸಿಎಸ್‌ಎಂ ಆಫ್ ಮಾಡಿದ ತಕ್ಷಣ ಇದೇ ಗತಿ. ಡಿಸ್ಕ್ ಇದ್ದ ಹಾಗೇ ಎಂಬಿಆರ್‌ನಿಂದ ಹೊಸ ಪದ್ಧತಿಯಾದ ಜಿಪಿಟಿಗೆ ಬದಲಾಯಿಸೋಕೆ ವಿಂಡೋಸ್‌ನಲ್ಲೇ ಒಂದು ಟೂಲ್ ಇದೆ, ಆದ್ರೆ ಹನ್ನೊಂದು ವರ್ಷದ ಫೈಲ್ ಇರೋ ಡಿಸ್ಕ್ ಮೇಲೆ ಆ ಪ್ರಯೋಗ ಮಾಡೋಕೆ ನನಗೆ ಧೈರ್ಯ ಬರ್ಲಿಲ್ಲ.

ಅದಕ್ಕೆ ಬೇರೆ ದಾರಿ ಹಿಡಿದೆ, ಈಗ್ಲೂ ಇದೇ ಸರಿಯಾದ ದಾರಿ ಅಂತೀನಿ. 500 ಜಿಬಿ ಎಸ್‌ಎಸ್‌ಡಿ ಒಂದು ತಗೊಂಡೆ, 3000 ರೂಪಾಯಿ ಹತ್ರ ಆಯ್ತು. ಹಳೇ ಹಾರ್ಡ್ ಡಿಸ್ಕ್ ಬಿಚ್ಚಿ ಬಟ್ಟೆ ಸುತ್ತಿ ಬೀರುವಲ್ಲಿಟ್ಟೆ, ಖಾಲಿ ಎಸ್‌ಎಸ್‌ಡಿ ಮೇಲೆ ವಿಂಡೋಸ್ 11 ಹೊಸದಾಗಿ ಹಾಕಿದೆ. ಇರೋದರ ಮೇಲೇ ಅಪ್‌ಗ್ರೇಡ್ ಮಾಡಿದ್ರೆ ಬೇಡ ಅನ್ನಿಸಿದಾಗ ಹತ್ತಕ್ಕೆ ವಾಪಸ್ ಹೋಗೋಕೆ ಹತ್ತೇ ದಿನ ಟೈಮ್ ಇರುತ್ತೆ. ನಮ್ಮ ಕೆಲಸದಲ್ಲಿ ತೊಂದರೆ ಹತ್ತು ದಿನಕ್ಕೆ ಗೊತ್ತಾಗಲ್ಲ, ವರ್ಷಕ್ಕೊಂದ್ಸಲ ತೆರೆಯೋ ಜಾತ್ರೆ ಫೈಲ್ ತೆರೆದಾಗ ಗೊತ್ತಾಗುತ್ತೆ. ಹಳೇ ಡಿಸ್ಕ್ ಬೀರುವಲ್ಲಿದ್ರೆ ಯಾವತ್ತು ಬೇಕಾದ್ರೂ ಚುಚ್ಚಿ, ಸಿಎಸ್‌ಎಂ ಆನ್ ಮಾಡಿ ಹಿಂದಕ್ಕೆ ಹೋಗಬಹುದು. ಲೈಸೆನ್ಸ್ ಹೋಗುತ್ತೇನೋ ಅಂತ ಭಯ ಇತ್ತು, ಬೋರ್ಡ್ ಅದೇ ಇರೋದ್ರಿಂದ ನೆಟ್ ಕೊಟ್ಟ ತಕ್ಷಣ ತಾನೇ ಆಕ್ಟಿವೇಟ್ ಆಯ್ತು.

ಅಕ್ಟೋಬರ್ 1ಕ್ಕೆ ಆಯುಧಪೂಜೆ, ಅವತ್ತು ಮಿಷಿನ್‌ಗೆಲ್ಲ ಕುಂಕುಮ ಹೂವು ಇಟ್ಟು ಬಾಗಿಲು ಹಾಕಿದ್ವಿ. ಮಾರನೇ ದಿನ ವಿಜಯದಶಮಿ, ಅಂಗಡಿಗೆ ರಜ, ಹೊಸದು ಶುರು ಮಾಡೋಕೂ ಒಳ್ಳೇ ದಿನ ಅಂತ ಅವತ್ತೇ ಕೂತೆ. ವಿಂಡೋಸ್ ಹಾಕೋಕೆ ಅರ್ಧ ಗಂಟೆ ಆಗಿರ್ಬೇಕು. ಉಳಿದ ದಿನ ಪೂರ್ತಿ ಹೋಗಿದ್ದು ಫಾಂಟ್ ಜೊತೆ.

ನುಡಿ ಹಾಕಿದೆ, ಕೀಬೋರ್ಡ್ ಬಂತು. ವಿಂಡೋಸ್‌ನಲ್ಲೇ ಕನ್ನಡ ಕೀಬೋರ್ಡ್ ಇದೆಯಲ್ಲ ಅಂತ ಕೇಳ್ತಾರೆ, ಇದೆ, ಆದ್ರೆ ನನ್ನ ಬೆರಳಿಗೆ ಬಂದಿರೋದು ಕೆ.ಪಿ. ರಾವ್ ಅವರ ವಿನ್ಯಾಸ, ನುಡೀಲಿರೋದೂ ಅದೇ. ಆಮೇಲೆ ಹಳೇ ಫಾಂಟ್ ಎಲ್ಲಾ ಒಂದೊಂದೇ ಡಬಲ್ ಕ್ಲಿಕ್ ಮಾಡಿ ಇನ್‌ಸ್ಟಾಲ್ ಕೊಟ್ಟೆ, ಪೇಜ್‌ಮೇಕರ್ ರನ್ ಆ್ಯಸ್ ಅಡ್ಮಿನಿಸ್ಟ್ರೇಟರ್ ಕೊಟ್ಟು ತೆರೆದೆ, ತೆರೀತು, ಖುಷಿಯಾಯ್ತು. ದೇವಸ್ಥಾನದ ಹೋದ ವರ್ಷದ ಕಾರ್ತೀಕ ದೀಪೋತ್ಸವದ ಕರಪತ್ರ ತೆಗೆದ್ರೆ ಫಾಂಟ್ ಸಿಗ್ತಿಲ್ಲ, ಬದಲಿ ಹಾಕ್ಲಾ ಅಂತ ಬಾಕ್ಸ್. ಹಿಂದೆ ಪೇಜ್ ಪೂರ್ತಿ ಇಂಗ್ಲಿಷ್ ಅಕ್ಷರ, ಅಕ್ಷರದ ತಲೆ ಮೇಲೆ ಗೀಟು, ಚುಕ್ಕಿ, 'ನ' ಇರಬೇಕಾದ ಕಡೆಯೆಲ್ಲಾ ಪೌಂಡ್ ಗುರುತು. ಹಳೇ ನುಡಿ ಫಾಂಟ್‌ನಲ್ಲಿ ಕನ್ನಡ ಅಕ್ಷರ ಕೂತಿರೋದೇ ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ, ಫಾಂಟ್ ಇಲ್ಲದಿದ್ರೆ ಅದರ ನಿಜರೂಪ ಇದೇ. ಸೇವ್ ಮಾಡದೇ ಕ್ಲೋಸ್ ಮಾಡಿದೆ, ಈ ಸ್ಥಿತೀಲಿ ಯಾರೂ ಸೇವ್ ಕೊಡಬೇಡಿ.

ಫಾಂಟ್ ಇನ್‌ಸ್ಟಾಲ್ ಆಗಿದೆ, ವರ್ಡ್‌ನಲ್ಲಿ ಕಾಣ್ತಿದೆ, ಪೇಜ್‌ಮೇಕರ್‌ನಲ್ಲಿ ಮಾತ್ರ ಇಲ್ಲ. ಎರಡು ಗಂಟೆ ತಲೆ ಕೆಡಿಸ್ಕೊಂಡ ಮೇಲೆ ಸಿಕ್ಕಿದ್ದು ಇದು: ವಿಂಡೋಸ್ 10ರ 2018ರ ಕೊನೇ ಅಪ್‌ಡೇಟ್ ಆದಮೇಲಿಂದ ಡಬಲ್ ಕ್ಲಿಕ್ ಮಾಡಿ ಹಾಕಿದ ಫಾಂಟ್ ಆ ಯೂಸರ್‌ಗೆ ಮಾತ್ರ ಹೋಗುತ್ತೆ, ವಿಂಡೋಸ್ ಒಳಗಿನ ಫಾಂಟ್ಸ್ ಫೋಲ್ಡರ್‌ಗೆ ಹೋಗಲ್ಲ, ಪೇಜ್‌ಮೇಕರ್‌ನಂಥ ಹಳೇ ಪ್ರೋಗ್ರಾಂ ನೋಡೋದು ಆ ಫೋಲ್ಡರ್ ಮಾತ್ರ. ಎಲ್ಲಾ ಫಾಂಟ್ ತೆಗೆದು, ಎಲ್ಲವನ್ನೂ ಸೆಲೆಕ್ಟ್ ಮಾಡಿ ರೈಟ್ ಕ್ಲಿಕ್ ಕೊಟ್ಟು 'ಇನ್‌ಸ್ಟಾಲ್ ಫಾರ್ ಆಲ್ ಯೂಸರ್ಸ್' ಒತ್ತಿದೆ. ಪೇಜ್‌ಮೇಕರ್ ತಿರುಗಿ ತೆರೆದಾಗ "ಶ್ರೀ ಕ್ರೋಧಿ ನಾಮ ಸಂವತ್ಸರ" ಅಂತ ತಲೆಬರಹ ಹಾಗೇ ಬಂದು ಕೂತಿತ್ತು, ಒತ್ತಕ್ಷರ ಸಮೇತ. ಕಣ್ಣಲ್ಲಿ ನೀರು ಬಂತು ಅಂದ್ರೆ ನಂಬ್ತೀರೋ ಇಲ್ವೋ.

ನಾಲ್ಕು ದಿನ ಬಿಟ್ಟು ದೇವಸ್ಥಾನದ ಜೋಯಿಸರು ಬಂದ್ರು. "ಏನಮ್ಮ, ಹೋದ ವರ್ಷದ್ದೇ ತೆಗಿ, ತಾರೀಖು ಬದಲಾಯಿಸು ಸಾಕು" ಅಂದ್ರು. ಕೂತ್ಕೊಳ್ಳಿ ಸ್ವಾಮಿ ಅಂತ ಹೇಳಿ ಕ್ರೋಧಿ ತೆಗೆದು ವಿಶ್ವಾವಸು ಮಾಡಿದೆ, ಶಕ 1946 ಇದ್ದಿದ್ದನ್ನ 1947 ಮಾಡಿದೆ, ಪ್ರಿಂಟ್ ಕೊಟ್ಟೆ. ಲೇಸರ್ ಪ್ರಿಂಟರ್‌ಗೆ 64 ಬಿಟ್ ಡ್ರೈವರ್ ಇತ್ತು, ತಕರಾರಿಲ್ಲದೆ ಬಂತು. ಜೋಯಿಸರಿಗೆ ಏನೂ ಬದಲಾಗಿರೋದು ಗೊತ್ತಾಗ್ಲಿಲ್ಲ, ನನಗೆ ಬೇಕಾಗಿದ್ದೂ ಅದೇ.

ಮುಂದಿನ ಟೇಬಲ್ ಮಿಷಿನ್ ಕಥೆ ಬೇರೆ. ರಿಪೇರಿ ಹುಡುಗ "ಟಿಪಿಎಂ ಚೆಕ್ ಬೈಪಾಸ್ ಮಾಡಿ ಹಾಕ್ಕೊಡ್ತೀನಿ ಅಕ್ಕ" ಅಂದಿದ್ದ, ಹಂಗೆ ಹಾಕೋಕೆ ಬರುತ್ತೆ ನಿಜ. ಆದ್ರೆ ಹಂಗೆ ಹಾಕಿದ ಮಿಷಿನ್‌ಗೆ ಅಪ್‌ಡೇಟ್ ಬಂದೇ ಬರುತ್ತೆ ಅಂತ ಭರವಸೆ ಇಲ್ಲ, ನಾನು ಇಷ್ಟೆಲ್ಲಾ ಮಾಡಿದ್ದೇ ಅಪ್‌ಡೇಟ್‌ಗೋಸ್ಕರ. ಅದಕ್ಕಿಂತ ದೊಡ್ಡ ಕಾರಣ ಸ್ಕ್ಯಾನರ್. ಅದರ ಡ್ರೈವರ್ 32 ಬಿಟ್‌ಗೆ ಮಾತ್ರ ಇರೋದು, ವಿಂಡೋಸ್ 11ರಲ್ಲಿ 32 ಬಿಟ್ ವರ್ಶನ್ ಅನ್ನೋದೇ ಇಲ್ಲ. ಚೆನ್ನಾಗಿ ಸ್ಕ್ಯಾನ್ ಮಾಡೋ ಸ್ಕ್ಯಾನರ್‌ನ ಡ್ರೈವರ್ ಇಲ್ಲ ಅಂತ ಗುಜರಿಗೆ ಹಾಕೋಕೆ ಮನಸ್ಸು ಒಪ್ಪಲಿಲ್ಲ. ಅದಕ್ಕೆ ಆ ಮಿಷಿನ್‌ನ ವಿಂಡೋಸ್ 10ರಲ್ಲೇ ಬಿಟ್ಟು, ಒಂದು ವರ್ಷ ಹೆಚ್ಚಿಗೆ ಸೆಕ್ಯುರಿಟಿ ಅಪ್‌ಡೇಟ್ ಕೊಡೋ ಇಎಸ್‌ಯು ಯೋಜನೆಗೆ ಸೇರಿಸಿದೆ. ವಿಂಡೋಸ್ ಅಪ್‌ಡೇಟ್ ಪೇಜ್‌ನಲ್ಲೇ ಎನ್‌ರೋಲ್ ಅಂತ ಬರುತ್ತೆ, ವಿಂಡೋಸ್ 10ರ ಕೊನೇ ವರ್ಶನ್ ಆದ 22ಎಚ್2 ಇರ್ಬೇಕು, ಮೈಕ್ರೋಸಾಫ್ಟ್ ಅಕೌಂಟ್‌ನಿಂದ ಒಳಗೆ ಹೋಗಿ ಸೆಟ್ಟಿಂಗ್ಸ್ ಬ್ಯಾಕಪ್‌ಗೆ ಒಪ್ಪಿದ್ರೆ ದುಡ್ಡು ಕೊಡಬೇಕಾಗಿಲ್ಲ. ಅಂಗಡಿಗೆ ಅಂತಲೇ ಬೇರೆ ಅಕೌಂಟ್ ಮಾಡಿದೆ, ಮನೇದು ಇಲ್ಲಿ ಬೆರೆಸಲಿಲ್ಲ. ಈಗ ಗಿರಾಕಿ ಪೆನ್‌ಡ್ರೈವ್ ಹೋಗೋದು ಒಳಗಿನ ಮಿಷಿನ್‌ಗೆ ಮಾತ್ರ, ಹಳೇದರಲ್ಲಿ ಸ್ಕ್ಯಾನ್ ಒಂದೇ ಕೆಲಸ.

ಆ ಹೆಚ್ಚಿನ ಅವಧಿ 2026ರ ಅಕ್ಟೋಬರ್ 13ಕ್ಕೆ ಮುಗಿಯುತ್ತೆ, ತಾರೀಖು ಬರೆದ ಚೀಟಿ ಕ್ಯಾಬಿನೆಟ್ ಮೇಲೆ ಅಂಟಿಸಿದೀನಿ. ಅವತ್ತು ನೆಟ್ ವೈರ್ ಕಿತ್ತು ಬರೀ ಸ್ಕ್ಯಾನರ್‌ಗೆ ಇಟ್ಕೊಳ್ಳೋದು ಅಂತ ತೀರ್ಮಾನ. ಅಷ್ಟರೊಳಗೆ ಹಳೇ ಫೈಲ್‌ಗಳ ಮ್ಯಾಟರ್ ಯುನಿಕೋಡ್‌ಗೆ ತರ್ತಾ ಇದೀನಿ, ಪೇಜ್‌ಮೇಕರ್ ಇನ್ನೆಷ್ಟು ವರ್ಷ ಹೀಗೆ ನಡೆಯುತ್ತೆ. ಕನ್ವರ್ಟರ್ ಬಹಳ ಮಟ್ಟಿಗೆ ಸರಿಯಾಗೇ ಮಾಡುತ್ತೆ, ಎಡವೋದು ಅರ್ಕಾವೊತ್ತಲ್ಲಿ, ಹಳೇ ಫಾಂಟ್‌ನಲ್ಲಿ ಅದು ಅಕ್ಷರ ಆದ್ಮೇಲೆ ಬರುತ್ತೆ, ಯುನಿಕೋಡ್‌ನಲ್ಲಿ ಮುಂಚೆ ಬರ್ಬೇಕು, ಹಂಗಾಗಿ ನಾನು ಕೈಯಲ್ಲಿ ಎಳೆದು ಕೂರಿಸಿದ 'ಸೂರ್ಯ', 'ಧರ್ಮ' ಎಲ್ಲಾ ತಿರುಗಿ ನೋಡ್ಬೇಕು. ಮಧ್ಯೆ ಇಂಗ್ಲಿಷ್‌ನಲ್ಲಿದ್ದ ಹೆಸರು, ಈಮೇಲ್ ಎಲ್ಲಾ ಅರ್ಥವಿಲ್ಲದ ಕನ್ನಡ ಆಗಿಬಿಡುತ್ತೆ, ಅದನ್ನೂ ತಿದ್ದಬೇಕು. ದಿನಕ್ಕೆ ಎರಡು ಫೈಲ್ ಅಂತ ಇಟ್ಕೊಂಡಿದೀನಿ, ಮಧ್ಯಾಹ್ನ ಊಟ ಆದ್ಮೇಲೆ ಗಿರಾಕಿ ಕಮ್ಮಿ ಇರೋ ಹೊತ್ತಲ್ಲಿ. ದೇವಸ್ಥಾನದ್ದೆಲ್ಲಾ ಮುಗಿದಿದೆ, ಈಗ ಲಗ್ನಪತ್ರಿಕೆ 2016ರದ್ದು ನಡೀತಿದೆ.