ಮಡ್ಡಿ ನೆಲದಲ್ಲಿ ಒಂಬತ್ತು ಹೋಲ್: ಆಡಲು ಹಿತವಾದ ಗಾಲ್ಫ್ ಮೈದಾನವನ್ನು ರೂಪಿಸುವ ಬಗೆ

ಕಲಬುರಗಿ ಸೀಮೆಯಲ್ಲಿ ಗಾಲ್ಫ್ ಮೈದಾನದ ಮಾತು ಬಂದೊಡನೆ ಎದುರಾಗುವ ಮೊದಲ ಆಕ್ಷೇಪ ನೀರಿನದು. ಬೇಸಿಗೆಯಲ್ಲಿ ಹಳ್ಳಿಗಳು ಟ್ಯಾಂಕರ್ ಕಾಯುವಾಗ ನೂರಾರು ಎಕರೆ ಹುಲ್ಲಿಗೆ ನೀರುಣಿಸುವುದು ನ್ಯಾಯವಲ್ಲ ಎಂಬ ಆ ಆಕ್ಷೇಪ ಸರಿಯಾದದ್ದೇ. ಆದರೆ ಟಿ.ವಿ.ಯಲ್ಲಿ ಕಾಣುವ ಹಸಿರೇ ಈ ಆಟದ ಸುಖ ಎಂಬ ಊಹೆ ಅದರ ಬೆನ್ನಿಗಿದೆ, ಆ ಊಹೆಯನ್ನು ಮಾತ್ರ ಒಪ್ಪಲಾಗದು. ಮುಂದಿನ ಹೊಡೆತ ಎತ್ತ ಎಂದು ಆಟಗಾರನೇ ಯೋಚಿಸಿ ತೀರ್ಮಾನಿಸಬೇಕಾದ ಮೈದಾನ, ಹೊಡೆದ ಚೆಂಡು ಬಹುತೇಕ ಮರಳಿ ಸಿಗುವ ಮೈದಾನ, ನೆಲಕ್ಕೆ ಬಿದ್ದ ಮೇಲೂ ಚೆಂಡು ಇಳಿಜಾರು ಹಿಡಿದು ಎಲ್ಲಿಗೆ ಹೋದೀತೆಂದು ನೋಡುತ್ತ ನಿಲ್ಲುವಂತೆ ಮಾಡುವ ಮೈದಾನ ಆಡಲು ಹಿತವಾಗಿರುತ್ತದೆ. ಇವುಗಳಿಗೆ ಬೇಕಾದುದು ಗಟ್ಟಿ ನೆಲ ಮತ್ತು ಅಗಲ. ಎರಡೂ ನಮ್ಮಲ್ಲಿ ಧಾರಾಳವಾಗಿವೆ.

ಇಪ್ಪತ್ತೈದು ಎಕರೆಯಷ್ಟು ಬಂಜರು ಜಮೀನು ಇರುವ ಕುಟುಂಬಕ್ಕೆ ಅಥವಾ ವಿಶಾಲ ಆವರಣವಿರುವ ಸಂಸ್ಥೆಗೆ ಒಂಬತ್ತು ಹೋಲ್‌ಗಳ ಚಿಕ್ಕ ಮೈದಾನ ಮಾಡಿಕೊಳ್ಳಲು ಅನುವಾಗಲಿ ಎಂದು ಇದನ್ನು ಬರೆಯಲಾಗಿದೆ. ಹೋಲ್ ಎಂದರೆ ಮೊದಲ ಹೊಡೆತದ ಜಾಗವಾದ ಟೀಯಿಂದ ಚೆಂಡು ಬೀಳಬೇಕಾದ ಗುಂಡಿಯವರೆಗಿನ ಆಟದ ಪಟ್ಟಿ. ಲೆಕ್ಕ ಸರಳವಾಗಿದೆ. ಸರಾಸರಿ 150 ಗಜ ಉದ್ದ, 60 ಗಜ ಅಗಲದ ಒಂದು ಹೋಲ್‌ಗೆ 9,000 ಚದರ ಗಜ, ಅಂದರೆ ಎರಡು ಎಕರೆಗೆ ಸ್ವಲ್ಪ ಕಡಿಮೆ ಜಾಗ ಬೇಕು. ಒಂಬತ್ತಕ್ಕೆ ಹದಿನೇಳು ಎಕರೆಯಾಯಿತು. ಉಳಿದದ್ದು ನಡುವಿನ ಅಂತರಕ್ಕೆ, ಗಿಡಮರಕ್ಕೆ, ವಾಹನ ನಿಲ್ಲಿಸುವುದಕ್ಕೆ ಸಾಕಾಗುತ್ತದೆ. ಪೂರ್ಣ ಪ್ರಮಾಣದ ಹದಿನೆಂಟು ಹೋಲ್‌ಗಳಿಗೆ ನೂರೈವತ್ತು ಎಕರೆಯ ಆಸುಪಾಸು ಬೇಕಾಗುವುದರಿಂದ ಆ ಆಸೆಯನ್ನು ಸದ್ಯಕ್ಕೆ ಬದಿಗಿಡುವುದೇ ಒಳ್ಳೆಯದು.

ನೆಲದ ಆಯ್ಕೆ

ತೊಗರಿ ಬೆಳೆಯುವ ಎರೆ ಭೂಮಿಯನ್ನು ಇದಕ್ಕೆ ಬಳಸಬಾರದು. ಬೆಳೆಯ ಮೇಲಿನ ಮಮತೆಯೊಂದೇ ಇದಕ್ಕೆ ಕಾರಣವಲ್ಲ, ಆಟಕ್ಕೂ ಅದು ಒಗ್ಗುವ ಮಣ್ಣಲ್ಲ. ಕರಿ ಎರೆ ಮಣ್ಣು ಮಳೆಯಲ್ಲಿ ಉಬ್ಬಿ ಬೂಟಿನ ಅಡಿಗೆ ಸೇರುಗಟ್ಟಲೆ ಅಂಟಿಕೊಳ್ಳುತ್ತದೆ. ಬೇಸಿಗೆಯಲ್ಲಿ ಕುಗ್ಗಿ ಅಂಗೈ ಇಳಿಯುವಷ್ಟು ಬಿರಿಯುತ್ತದೆ. ಗಾಲ್ಫ್ ಚೆಂಡಿನ ವ್ಯಾಸ 1.68 ಇಂಚು ಮಾತ್ರ ಇರುವುದರಿಂದ ಫೇರ್‌ವೇಯ, ಅಂದರೆ ಹುಲ್ಲು ಕತ್ತರಿಸಿದ ಆಟದ ದಾರಿಯ, ನಟ್ಟನಡುವೆ ಬಿದ್ದ ಚೆಂಡೂ ಬಿರುಕಿನೊಳಗೆ ಜಾರಿ ಕಣ್ಮರೆಯಾಗಬಹುದು, ಒಳ್ಳೆಯ ಹೊಡೆತಕ್ಕೆ ಸಿಗುವ ಅಂಥ ಶಿಕ್ಷೆಯಷ್ಟು ಬೇಸರದ ಸಂಗತಿ ಈ ಆಟದಲ್ಲಿ ಇನ್ನೊಂದಿಲ್ಲ. ಒಕ್ಕಲುತನಕ್ಕೆ ಬಾರದ, ಒಂದು ಗೇಣು ಮಣ್ಣಿನ ಕೆಳಗೆ ಗರಸಿನಂಥ ಮೊರಂ ಸಿಗುವ ಮಡ್ಡಿ ಭೂಮಿಯೇ ಇಲ್ಲಿ ಉತ್ತಮ. ಅದು ಮಳೆ ನಿಂತ ಸ್ವಲ್ಪ ಹೊತ್ತಿಗೇ ಆಡಲು ಸಿದ್ಧವಾಗುತ್ತದೆ, ಬಿರಿಯುವುದೂ ಅಪರೂಪ. ಬೀದರ್ ಕಡೆಯ ಜಂಬಿಟ್ಟಿಗೆಯ ಕೆಂಪು ನೆಲದಲ್ಲಿ ನೀರು ಇನ್ನೂ ಬೇಗ ಇಂಗುತ್ತದೆ, ಆದರೆ ತಲೆ ಎತ್ತಿದ ಕಲ್ಲಿಗೆ ಚೆಂಡು ಹೊಡೆಯುವ ಕೋಲಾದ ಕ್ಲಬ್ ತಗಲಿ ಹಾಳಾಗದಂತೆ ನೋಡಿಕೊಳ್ಳಬೇಕು. ಯಾದಗಿರಿಯ ಕಡೆ ಗ್ರಾನೈಟ್ ಗುಂಡುಗಳ ನಡುವೆ ಹೋಲ್ ಮಾಡುವವರು ಚೆಂಡು ಬಂಡೆಗೆ ಬಡಿದು ಹೊಡೆದವನ ಕಡೆಗೇ ಹಿಂದಿರುಗುವ ಅಪಾಯವನ್ನು ಮರೆಯಬಾರದು. ಊರಿನ ದನ ಮೇಯುವ ಗಾಯರಾಣದ ತಂಟೆಗಂತೂ ಯಾರೂ ಹೋಗಬಾರದು.

ಜಮೀನನ್ನು ಎರಡು ಸಲ ನೋಡಬೇಕು: ಆಗಸ್ಟ್‌ನ ದೊಡ್ಡ ಮಳೆಯ ಮರುದಿನ ಒಮ್ಮೆ, ಮೇ ತಿಂಗಳ ಮಧ್ಯಾಹ್ನ ಒಮ್ಮೆ. ಮೊದಲ ಸಲ ನೀರು ಎಲ್ಲಿ ನಿಲ್ಲುತ್ತದೆ, ಯಾವ ಹಳ್ಳ ಹಿಡಿದು ಹೋಗುತ್ತದೆ ಎಂಬುದು ಗೊತ್ತಾಗುತ್ತದೆ. ಎರಡನೆಯ ಸಲ ಎಲ್ಲೆಲ್ಲಿ ನೆರಳಿದೆ ಎಂಬುದು.

ಹುಲ್ಲಿನ ಚಿಂತೆ ಬಹಳ ಬೇಡ. ಬಿಸಿ ಪ್ರದೇಶಗಳ ಗಾಲ್ಫ್ ಮೈದಾನಗಳಲ್ಲಿ ಬರ್ಮುಡಾ ಹುಲ್ಲೆಂದು ಬೆಳೆಸುವುದು ನಮ್ಮ ರೈತರು ಹೊಲದಿಂದ ಕಿತ್ತು ಕಿತ್ತು ಸೋಲುವ ಗರಿಕೆಯನ್ನೇ. ಮಳೆಗಾಲದಲ್ಲಿ ಅದು ತಾನೇ ಹಬ್ಬುತ್ತದೆ, ಚಳಿಗಾಲ ಕಳೆಯುವಷ್ಟರಲ್ಲಿ ಒಣಗಿ ಒಣಹುಲ್ಲಿನ ಬಣ್ಣಕ್ಕೆ ತಿರುಗುತ್ತದೆ, ಬೇರು ಮಾತ್ರ ಸಾಯುವುದಿಲ್ಲ. ಒಣಗಿದ ಫೇರ್‌ವೇ ನೋಡಲು ಚೆನ್ನಿಲ್ಲದಿದ್ದರೂ ಆಡಲು ಸೊಗಸಾಗಿರುತ್ತದೆ. ತೊಯ್ದ ನೆಲದಲ್ಲಿ ಚೆಂಡು ಬಿದ್ದಲ್ಲೇ ಕೂರುವುದರಿಂದ ದೂರ ಹೊಡೆಯುವ ತೋಳ್ಬಲವೊಂದೇ ಗೆಲ್ಲುತ್ತದೆ. ಗಟ್ಟಿ ನೆಲದಲ್ಲಾದರೆ ಅರವತ್ತು ದಾಟಿದವರ ತಗ್ಗು ಹೊಡೆತವೂ ಉರುಳುತ್ತ ಉರುಳುತ್ತ ಗುಂಡಿಯ ಸುತ್ತಲಿನ ನುಣುಪಾದ ಜಾಗವಾದ ಗ್ರೀನ್ ಮುಟ್ಟುತ್ತದೆ.

ಅಗಲ, ಕೋನ, ಗ್ರೀನ್

ಮೈದಾನ ಮಾಡುವ ಹೊಸಬರು ಹೋಲ್‌ಗಳನ್ನು ಇಕ್ಕಟ್ಟಾಗಿಸಿ, ಎರಡೂ ಬದಿಗೆ ಗಿಡ ನೆಟ್ಟು, ಕಷ್ಟವಾದುದೇ ಶ್ರೇಷ್ಠವೆಂದು ಭಾವಿಸುವುದುಂಟು. ಸ್ಕಾಟ್ಲೆಂಡಿನ ಸೇಂಟ್ ಆಂಡ್ರ್ಯೂಸ್‌ನ ಹಳೆಯ ಕೋರ್ಸ್ ಇದಕ್ಕೆ ಉತ್ತರ ಹೇಳುತ್ತದೆ. 1764ರಿಂದ ಹದಿನೆಂಟು ಹೋಲ್‌ಗಳಿರುವ ಆ ಮೈದಾನದಲ್ಲಿ ಫೇರ್‌ವೇಗಳು ಬಲು ಅಗಲವಾಗಿವೆ, ಅನೇಕ ಕಡೆ ಪಕ್ಕದ ಹೋಲ್‌ನ ಫೇರ್‌ವೇಯೊಂದಿಗೆ ಬೆರೆತೇಹೋಗಿವೆ. ಆದರೂ ಅದು ಸುಲಭವಲ್ಲ. ಎಡಕ್ಕೆ ಹೊಡೆದು ಸುರಕ್ಷಿತವಾಗಿ ಉಳಿದವನಿಗೆ ಮುಂದಿನ ಹೊಡೆತದಲ್ಲಿ ಗ್ರೀನ್‌ನ ಎದುರು ಮರಳಿನ ತಗ್ಗಾದ ಬಂಕರ್ ಅಡ್ಡ ಬರುತ್ತದೆ, ಬಲಗಡೆಯ ಅಪಾಯದ ಅಂಚಿಗೆ ಧೈರ್ಯದಿಂದ ಹೊಡೆದವನಿಗೆ ದಾರಿ ತೆರೆದಿರುತ್ತದೆ. ಹೀಗೆ ಅಗಲವಿದ್ದಾಗಲೇ ಆಯ್ಕೆಗೆ ಅರ್ಥ ಬರುತ್ತದೆ, ಕೊಳವೆಯಂಥ ಹೋಲ್‌ನಲ್ಲಿ ನೇರ ಹೊಡೆಯುವುದನ್ನು ಬಿಟ್ಟರೆ ಯೋಚಿಸಲು ಏನೂ ಉಳಿಯುವುದಿಲ್ಲ.

ಆದ್ದರಿಂದ ಅರವತ್ತು ಗಜ ಅಗಲವನ್ನು ಎಲ್ಲಿಯೂ ಬಿಟ್ಟುಕೊಡಬಾರದು. ಆ ಪಟ್ಟಿಯೊಳಗಿನ ಬಳ್ಳಾರಿ ಜಾಲಿಯನ್ನು ಬೇರುಸಹಿತ ತೆಗೆಸಬೇಕು. ಚೆಂಡು ಹುಡುಕಲು ನಿಯಮದ ಪ್ರಕಾರ 2019ರಿಂದ 3 ನಿಮಿಷವಷ್ಟೇ ಅವಕಾಶವಿದೆ, ಮೊದಲು 5 ನಿಮಿಷವಿತ್ತು. ಜಾಲಿಯ ಮುಳ್ಳಿನೊಳಗೆ ಕೈ ಹಾಕಿ ಮೂರು ನಿಮಿಷ ಹುಡುಕಿದವನು ಮತ್ತೆ ಆಡಲು ಬರುವುದು ಅನುಮಾನ. ಪಕ್ಕದ ರಫ್ ಹುಲ್ಲನ್ನೂ ಕಣಕಾಲಿಗಿಂತ ಎತ್ತರ ಬೆಳೆಯಲು ಬಿಡಬಾರದು, ನಮ್ಮಲ್ಲಿ ಅದಕ್ಕೆ ಚೆಂಡಿಗಿಂತ ಹಾವಿನ ಕಾರಣವೇ ದೊಡ್ಡದು. ಬೇವು, ಹೊಂಗೆ, ಹುಣಸೆ ಮರಗಳಿದ್ದರೆ ಉಳಿಸಿಕೊಳ್ಳಿ. ಬುಡದಲ್ಲಿ ಪೊದೆಯಿಲ್ಲದ ಒಂಟಿ ಮರ ಫೇರ್‌ವೇಯ ಒಂದು ಬದಿಗೆ ನಿಂತರೆ, ಅದರ ಮೇಲಿಂದ ಹಾರಿಸುವುದೋ ಬಳಸಿ ಹೋಗುವುದೋ ಎಂಬ ಪ್ರಶ್ನೆಯನ್ನು ಖರ್ಚಿಲ್ಲದೆ ಒಡ್ಡುತ್ತದೆ.

ಗ್ರೀನ್ ವಿಷಯದಲ್ಲಿ ನಿರ್ಧಾರ ಕಠಿಣವಾದದ್ದು. ಹುಲ್ಲಿನ ಗ್ರೀನ್‌ಗೆ ದಿನವೂ ನೀರು, ದಿನವೂ ಕಟಾವು, ತರಬೇತಾದ ಕೆಲಸಗಾರರು ಬೇಕು. ಅದು ಸಾಧ್ಯವಿಲ್ಲದಲ್ಲಿ ಭಾರತದ ಒಣ ಪ್ರದೇಶಗಳ ಗಾಲ್ಫ್ ಆಟಗಾರರಿಗೆ ಹಿಂದಿನಿಂದ ಪರಿಚಿತವಾಗಿರುವ ಮರಳಿನ ಗ್ರೀನ್, ಅಂದರೆ ‘ಬ್ರೌನ್’ ಇದೆ. ನನ್ನ ಮಟ್ಟಿಗೆ ಈ ಸೀಮೆಗೆ ಅದೇ ಸರಿ. ಹದಿನೈದು ಗಜ ವ್ಯಾಸದ ವೃತ್ತ ಹಾಕಿ, ಅರ್ಧ ಅಡಿ ಮಣ್ಣು ತೆಗೆದು, ಮೊರಂ ತುಂಬಿ, ನೀರು ಹಾಕಿ ದಮ್ಮಸ್ಸು ಮಾಡಬೇಕು. ಮಳೆನೀರು ನಿಲ್ಲದಂತೆ ನಡುವಿನಿಂದ ಅಂಚಿಗೆ ಕಣ್ಣಿಗೆ ಕಂಡೂ ಕಾಣದಷ್ಟು ಇಳಿಜಾರು ಕೊಟ್ಟು, ಮೇಲೆ ಜರಡಿ ಹಿಡಿದ ಸಣ್ಣ ಮರಳನ್ನು ಮುಕ್ಕಾಲು ಇಂಚು ಹರಡಬೇಕು. ಮರಳು ಗಾಳಿಗೆ ಹಾರದಿರಲೆಂದು ಹಿಂದೆ ಹಳೆಯ ಎಂಜಿನ್ ಆಯಿಲ್ ಬೆರೆಸುತ್ತಿದ್ದರು. ಆ ಎಣ್ಣೆ ಮಳೆಯಲ್ಲಿ ತೊಳೆದು ಬಾವಿ ಸೇರುವುದರಿಂದ ಅದನ್ನು ಮುಟ್ಟಬಾರದು. ಮುಂಜಾನೆ ನಾಲ್ಕಾರು ಕೊಡ ನೀರು ಚಿಮುಕಿಸಿ ಕೈ ರೋಲರ್ ಎಳೆದರೆ ಆ ಹೊತ್ತಿನ ಆಟಕ್ಕೆ ನಡೆಯುತ್ತದೆ. ಹೋಲ್‌ನ ಗುಂಡಿ 4.25 ಇಂಚು ವ್ಯಾಸ, ಕನಿಷ್ಠ 4 ಇಂಚು ಆಳ ಇರಬೇಕು. ಪ್ರತಿ ಬ್ರೌನ್‌ನಲ್ಲಿ ಮೂರು ಗುಂಡಿ ಮಾಡಿ, ಬಳಸದ ಎರಡನ್ನು ಮುಚ್ಚಿಟ್ಟು, ವಾರಕ್ಕೊಮ್ಮೆ ಬಾವುಟ ಬದಲಿಸಿದರೆ ಆಟ ಹಳಸುವುದಿಲ್ಲ.

ಬ್ರೌನ್ ಮೇಲೆ ಪಟ್ ಮಾಡುವ, ಅಂದರೆ ಚೆಂಡನ್ನು ಗುಂಡಿಗೆ ಉರುಳಿಸುವ, ಕ್ರಮವನ್ನು ಹೊಸಬರಿಗೆ ಒಮ್ಮೆ ಮಾಡಿ ತೋರಿಸಬೇಕಾಗುತ್ತದೆ. ಚೆಂಡಿನ ಜಾಗ ಗುರುತಿಟ್ಟು ಎತ್ತಿಕೊಂಡು, ಮರದ ಹಲಗೆಗೆ ಹಿಡಿಕೆ ಹಾಕಿದ ಎಳೆಗೋಲನ್ನು ಗುರುತಿನಿಂದ ಗುಂಡಿಯವರೆಗೆ ಒಂದೇ ಸಲ ಎಳೆದರೆ ಹೆಜ್ಜೆ ಗುರುತುಗಳು ಅಳಿದು ನುಣುಪಾದ ದಾರಿಯೊಂದು ತೆರೆಯುತ್ತದೆ. ಕೊನೆಯಲ್ಲಿ ಹೋಗುವ ತಂಡ ಗುಂಡಿಯಿಂದ ಹೊರಕ್ಕೆ ಸುತ್ತು ಸುತ್ತಾಗಿ ಎಳೆದು ಮುಂದಿನವರಿಗೆ ಸಮ ಮಾಡಿಕೊಟ್ಟು ಹೋಗುತ್ತದೆ.

ಬ್ರೌನ್ ಬಹುತೇಕ ಸಮತಟ್ಟಾಗಿರುವುದರಿಂದ ಅಲ್ಲಿನ ಪಟ್‌ನಲ್ಲಿ ಹೆಚ್ಚಿನ ತಿರುವು ಇರುವುದಿಲ್ಲ. ಆ ಕೊರತೆಯನ್ನು ಬ್ರೌನ್‌ನ ಸುತ್ತಲಿನ ಇಪ್ಪತ್ತು ಗಜದಲ್ಲಿ ತುಂಬಿಕೊಳ್ಳಬೇಕು, ಇಡೀ ಮೈದಾನದ ಸ್ವಾರಸ್ಯವೆಲ್ಲ ಇಲ್ಲಿಯೇ ಇದೆ. ಸ್ಕಾಟ್ಲೆಂಡಿನ ನಾರ್ತ್ ಬೆರ್ವಿಕ್‌ನಲ್ಲಿ ರೆಡಾನ್ ಎಂಬ ಹೋಲ್ ಇದೆ. ಅದರ ಗ್ರೀನ್ ಮುಂದಿನ ಬಲ ಮೂಲೆಯಿಂದ ಹಿಂದಿನ ಎಡ ಮೂಲೆಗೆ ವಾಲಿಕೊಂಡಿದೆ, ನೇರ ಬಾವುಟಕ್ಕೇ ಹೊಡೆಯುವವನಿಗೆ ಎಡಗಡೆಯ ಆಳದ ಬಂಕರ್ ಎದುರಾಗುತ್ತದೆ. ಬಲಕ್ಕೆ ಬೀಳಿಸಿದ ಚೆಂಡನ್ನು ಇಳಿಜಾರೇ ಬಾವುಟದ ಕಡೆಗೆ ಕರೆದುಕೊಂಡು ಹೋಗುತ್ತದೆ. ಜಗತ್ತಿನ ಎಷ್ಟೋ ಮೈದಾನಗಳು ಇದನ್ನು ನಕಲು ಮಾಡಿವೆ, ನಾವೂ ಮಾಡಬಹುದು. ಬ್ರೌನ್‌ನ ಬಲ ಭುಜಕ್ಕೆ ಮೊಣಕಾಲೆತ್ತರದ ಮೊರಂ ದಿಬ್ಬ ಹಾಕಿ, ಎಡಕ್ಕೆ ತಗ್ಗು ತೋಡಿ, ಎರಡರ ಮೇಲೂ ಗರಿಕೆ ಹಬ್ಬಿಸಿದರೆ ಸಾಕು. ಇದೇ ಬಗೆಯನ್ನು ಒಂಬತ್ತೂ ಕಡೆ ಮಾಡದೆ, ಒಂದು ಹೋಲ್‌ಗೆ ಹಿಂದಿನ ಬದುವನ್ನು ತಡೆಯಾಗಿಸಿ, ಇನ್ನೊಂದಕ್ಕೆ ಮುಂದಿನ ಹಳ್ಳವನ್ನು ದಾಟುವಂತೆ ಮಾಡಿ, ಮತ್ತೊಂದನ್ನು ಏನೂ ಇಲ್ಲದೆ ಬಯಲಾಗಿಯೇ ಬಿಡಬೇಕು.

ಮರಳಿನ ಬಂಕರ್ ಬಹಳ ಬೇಡ. ಮೊದಲ ಮಳೆಗೇ ಮಣ್ಣು ಕೊಚ್ಚಿ ಬಂದು ಮರಳಿನೊಂದಿಗೆ ಕಲೆತು ಗಾರೆಯಂತೆ ಗಟ್ಟಿಯಾಗುತ್ತದೆ. ವೃತ್ತಿಯಿಂದ ವೈದ್ಯನಾಗಿದ್ದ ಅಲಿಸ್ಟರ್ ಮೆಕೆಂಜಿ ಗಾಲ್ಫ್ ಆಟಗಾರ ಬಾಬಿ ಜೋನ್ಸ್ ಜೊತೆ ಸೇರಿ ರೂಪಿಸಿದ, 1933ರಲ್ಲಿ ತೆರೆದ ಅಮೆರಿಕದ ಆಗಸ್ಟಾ ನ್ಯಾಷನಲ್ ಮೈದಾನದಲ್ಲಿ ಆರಂಭಕ್ಕೆ ಇದ್ದ ಬಂಕರ್ 22 ಮಾತ್ರ. ನಮಗೆ ಮೂರು ಸಾಕು. ಅವುಗಳನ್ನು ಒಳ್ಳೆಯ ಆಟಗಾರ ಗುರಿ ಇಡಲು ಆಸೆಪಡುವ ಜಾಗದ ಅಂಚಿಗೆ ಇಡಬೇಕು, ಕಲಿಯುವವರ ಚೆಂಡು ಹೇಗೂ ಬೀಳುವ ಜಾಗದಲ್ಲಿ ಅಲ್ಲ. ಶಹಾಬಾದ್ ಫರ್ಸಿ ಅಗ್ಗವಾಗಿ ಸಿಗುತ್ತದೆಂದು ಬಂಕರ್‌ನ ಅಂಚಿಗೋ ಕಾಲುದಾರಿಗೋ ಹಾಸುವ ಆಸೆ ನಮ್ಮವರಿಗೆ ಬರದೆ ಇರದು. ಕಲ್ಲಿಗೆ ಬಡಿದ ಚೆಂಡು ಯಾರ ಹಣೆಗೆ ಹೋಗುವುದೋ ಹೇಳಲಾಗದು, ಆದ್ದರಿಂದ ಅದನ್ನು ಕೂರುವ ಕಟ್ಟೆಗಷ್ಟೇ ಬಳಸಿ.

ದಿಕ್ಕು, ನೆರಳು, ದೂರ

ಬಲಗೈ ಆಟಗಾರರಲ್ಲಿ ಕಲಿಯುವವರ ಚೆಂಡು ಸಾಮಾನ್ಯವಾಗಿ ಬಲಕ್ಕೆ ತಿರುಗುತ್ತದೆ. ಹೋಲ್‌ಗಳನ್ನು ಜಮೀನಿನ ಸುತ್ತ ಪ್ರದಕ್ಷಿಣೆ ಬಂದ ಹಾಗೆ ಜೋಡಿಸಿದರೆ ಬಲಗಡೆ ಯಾವಾಗಲೂ ನಮ್ಮದೇ ಮೈದಾನ ಇರುತ್ತದೆ, ಪಕ್ಕದ ರೈತನ ಹೊಲ ಮತ್ತು ರಸ್ತೆ ಎಡಕ್ಕೆ ಉಳಿಯುತ್ತವೆ. ಬೆಳಿಗ್ಗೆ ಆರಕ್ಕೆ ಆರಂಭಿಸುವ ಮೊದಲ ಹೋಲ್ ಪೂರ್ವಕ್ಕೆ, ಸಂಜೆ ಮುಗಿಸುವ ಕೊನೆಯ ಹೋಲ್ ಪಶ್ಚಿಮಕ್ಕೆ ಮುಖ ಮಾಡಬಾರದು, ಸೂರ್ಯನಿಗೆ ಎದುರಾಗಿ ಹೊಡೆದ ಚೆಂಡು ಎಲ್ಲಿ ಹೋಯಿತೆಂದು ಕ್ಲಬ್‌ಗಳ ಚೀಲ ಹೊರುವ ಕ್ಯಾಡಿಗೂ ಕಾಣುವುದಿಲ್ಲ. ಮುಂಗಾರಿನ ಪಶ್ಚಿಮದ ಗಾಳಿ ಜೂನ್‌ನಿಂದ ಬಲವಾಗಿ ಬೀಸುವುದರಿಂದ ಒಂದೇ ಉದ್ದದ ಎರಡು ಹೋಲ್‌ಗಳನ್ನು ಎದುರುಬದುರು ದಿಕ್ಕಿಗೆ ಇಟ್ಟರೆ ಅವು ಬೇರೆ ಬೇರೆ ಹೋಲ್‌ಗಳಾಗಿಯೇ ಆಡಿಸುತ್ತವೆ.

ಮೂರು ಹೋಲ್‌ಗಳಿಗೊಮ್ಮೆ ಆಟ ಬೇವಿನ ನೆರಳಿಗೂ ನೀರಿನ ಗಡಿಗೆಗೂ ಹಿಂದಿರುಗುವಂತೆ ಸುತ್ತುಗಳನ್ನು ರಚಿಸುವುದು ನಮ್ಮ ಬಿಸಿಲಿಗೆ ಅನಿವಾರ್ಯ. ಮೂರೇ ಹೋಲ್ ಆಡಿ ಕಚೇರಿಗೆ ಹೋಗುವವರಿಗೂ ಇದು ಅನುಕೂಲ. ಪ್ರತಿ ಹೋಲ್‌ಗೂ 150, 110 ಮತ್ತು 70 ಗಜಗಳಲ್ಲಿ ಮೂರು ಟೀ ಇರಲಿ, ಮಕ್ಕಳೂ ತಮ್ಮ ಅತ್ಯುತ್ತಮ ಹೊಡೆತದಿಂದ ಬ್ರೌನ್ ಮುಟ್ಟುವಂತಾಗಲಿ. ಎರಡು ಹೋಲ್‌ಗಳನ್ನು ಮಾತ್ರ 260 ಗಜದವರೆಗೆ ಹಿಗ್ಗಿಸಿದರೆ ದೂರ ಹೊಡೆಯುವ ಡ್ರೈವರ್ ಕ್ಲಬ್ ತಂದವರಿಗೂ ಸಮಾಧಾನ.

ಸ್ಥಳೀಯ ನಿಯಮಗಳನ್ನು ಬರೆದು ಗೋಡೆಗೆ ಹಾಕಿ: ಬಿರುಕಿಗೆ ಬಿದ್ದ ಚೆಂಡನ್ನು ದಂಡವಿಲ್ಲದೆ ಎತ್ತಿ ಪಕ್ಕಕ್ಕೆ ಬೀಳಿಸಬಹುದು, ಬರಿ ನೆಲದಲ್ಲಿ ಆಡುವಾಗ ಚಿಕ್ಕ ಹುಲ್ಲುಚಾಪೆ ಇಟ್ಟು ಹೊಡೆಯಬಹುದು. ದಕ್ಷಿಣ ಆಸ್ಟ್ರೇಲಿಯಾದ ಕೂಬರ್ ಪೀಡಿಯಲ್ಲಿ ಹುಲ್ಲೇ ಇಲ್ಲದ ಮೈದಾನದಲ್ಲಿ ಆಟಗಾರರು ಇಂಥ ತುಂಡನ್ನು ಜೊತೆಗೇ ಒಯ್ಯುತ್ತಾರೆ. ಅಂಕಕ್ಕೆ ಸ್ಟೇಬಲ್‌ಫರ್ಡ್ ಪದ್ಧತಿ ಇರಲಿ. ಇಂಗ್ಲೆಂಡಿನ ವೈದ್ಯ ಫ್ರಾಂಕ್ ಸ್ಟೇಬಲ್‌ಫರ್ಡ್ 1932ರಲ್ಲಿ ವಾಲೇಸಿ ಕ್ಲಬ್‌ನಲ್ಲಿ ಆಡಿಸಿದ ಈ ಪದ್ಧತಿಯಲ್ಲಿ ಪಾರ್‌ಗೆ, ಅಂದರೆ ಹೋಲ್‌ಗೆ ನಿಗದಿಯಾದ ಹೊಡೆತಗಳಿಗೆ, 2 ಅಂಕ, ಒಂದು ಹೊಡೆತ ಹೆಚ್ಚಾದರೆ 1, ಇನ್ನೂ ಹೆಚ್ಚಾದರೆ ಸೊನ್ನೆ. ಕೆಟ್ಟ ಹೋಲ್ ಸೊನ್ನೆಗೆ ಮುಗಿಯುವುದರಿಂದ ಚೆಂಡು ಎತ್ತಿಕೊಂಡು ಮುಂದೆ ನಡೆಯಬಹುದು, ಹಿಂದಿನವರೂ ಬಿಸಿಲಲ್ಲಿ ಕಾಯುವುದಿಲ್ಲ.

ಇಷ್ಟೆಲ್ಲವನ್ನೂ ಕಾಗದದ ಮೇಲೆ ನಂಬಬೇಡಿ. ತೊಗರಿ ರಾಶಿಯ ಹೊತ್ತಿಗೆ, ಅಂದರೆ ಡಿಸೆಂಬರ್‌ನಿಂದ ಫೆಬ್ರವರಿಯವರೆಗೆ, ಜಮೀನಿನ ಮೇಲೆ ಸುಣ್ಣದ ಪುಡಿಯಲ್ಲಿ ವೃತ್ತ ಹಾಕಿ, ಬಿದಿರು ಗಳಕ್ಕೆ ಬಟ್ಟೆ ಕಟ್ಟಿ, ಬಲ್ಲವರನ್ನೂ ಬಾರದವರನ್ನೂ ಕರೆದು ಆಡಿಸಿ. ಪ್ರತಿಯೊಬ್ಬರ ಮೊದಲ ಹೊಡೆತ ಬಿದ್ದಲ್ಲಿ ಒಂದು ಕಡ್ಡಿ ನೆಡಿ. ಎಲ್ಲರ ಕಡ್ಡಿಗಳೂ ಒಂದೇ ಕಡೆ ಗುಂಪಾದ ಹೋಲ್‌ನಲ್ಲಿ ಆಯ್ಕೆ ಇಲ್ಲವೆಂದು ತಿಳಿದು, ಬಾವುಟವನ್ನು ಹತ್ತು ಗಜ ಅತ್ತಿತ್ತ ಸರಿಸಿ ಮತ್ತೆ ಆಡಿಸಿ. ಕಡ್ಡಿಗಳು ಎರಡು ಮೂರು ಕಡೆ ಚದುರತೊಡಗಿದ ಮೇಲೆ ಭೂಪರಿವರ್ತನೆಗೆ ಅರ್ಜಿ ಹಾಕಿ, ಆದೇಶ ಕೈಗೆ ಬಂದ ಬಳಿಕ ಜೆಸಿಬಿ ಕರೆಸಿ.