ಮದುವೆ ‘ಕ್ಯಾಸೆಟ್ಟು’ ಕಂಪ್ಯೂಟರಿಗೆ ಬಂದ ಬಗೆ

ನಮ್ಮ ಮನೆಯಲ್ಲಿ ಈಗಲೂ ಡಿವಿಡಿಗೆ ಕ್ಯಾಸೆಟ್ ಅಂತಲೇ ಹೆಸರು. “ನಮ್ಮ ಮದುವೆ ಕ್ಯಾಸೆಟ್ ಹಾಕಿಕೊಡೋ, ಪುಟ್ಟಿ ನೋಡಬೇಕಂತೆ” ಎಂದು ಅತ್ತಿಗೆ ಕೇಳಿದಾಗ ಬೀರು ಮೇಲಿದ್ದ ಚೀಲ ಇಳಿಸಿದೆ. ಒಳಗೆ 14 ಡಿಸ್ಕ್. ಅಣ್ಣನ ಮದುವೆ, ಅಕ್ಕನ ಮದುವೆ, ಒಂದು ಗೃಹಪ್ರವೇಶ, ಒಂದು ನಾಮಕರಣ. ಎಲ್ಲವೂ 2006ರಿಂದ 2011ರ ನಡುವಿನವು. ಡಿವಿಡಿ ಪ್ಲೇಯರ್ ಕೆಟ್ಟು ಎಷ್ಟು ಕಾಲವಾಯಿತೋ ನೆನಪಿಲ್ಲ. ನನ್ನ ಲ್ಯಾಪ್‌ಟಾಪಿನಲ್ಲಿ ಡ್ರೈವೇ ಇಲ್ಲ. ಯುಎಸ್‌ಬಿಗೆ ಸಿಕ್ಕಿಸುವ ಡ್ರೈವ್ ಒಂದನ್ನು ತರಿಸಿದೆ.

ಒಂದು ಭಾನುವಾರದ ಕೆಲಸ ಅಂದುಕೊಂಡಿದ್ದೆ. ಒಂದೂವರೆ ತಿಂಗಳು ಹಿಡಿಯಿತು. ಮೊದಲು ಮಾಡಬೇಕಾದದ್ದನ್ನು ಕೊನೆಗೆ ಮಾಡಿದ್ದಕ್ಕೇ ಅದರಲ್ಲಿ ಅರ್ಧ ಹೋಯಿತು.

ಶುರು ಮಾಡಿದ್ದು ಎಲ್ಲರ ಹಾಗೇ. ಡಿಸ್ಕ್ ತೆರೆದೆ, ‘ವಿಡಿಯೋ ಟಿಎಸ್’ ಫೋಲ್ಡರನ್ನು ಕಾಪಿ ಮಾಡಿ ಹಾರ್ಡ್ ಡಿಸ್ಕಿಗೆ ಪೇಸ್ಟ್ ಮಾಡಿದೆ. ಸ್ಟುಡಿಯೋದವರು ಬರೆದುಕೊಟ್ಟ ಡಿಸ್ಕಿಗೆ ಕಾಪಿ ತಡೆಯುವ ಬೀಗ ಇರುವುದಿಲ್ಲ, ಹಾಗಾಗಿ ಕಾಪಿ ಆಯಿತು. ಆದರೆ ಡಿವಿಡಿಯಲ್ಲಿ ವಿಡಿಯೋ ಒಂದೇ ಫೈಲಾಗಿ ಕೂತಿರುವುದಿಲ್ಲ. ಹೆಚ್ಚೆಂದರೆ 1 ಜಿಬಿಯ ತುಂಡುಗಳಾಗಿ, ವಿಒಬಿ ಎಂಬ ಫೈಲುಗಳಲ್ಲಿ ಇರುತ್ತದೆ. ತುಂಡು ಎಲ್ಲಿ ಬೀಳಬೇಕು ಅನ್ನುವುದಕ್ಕೆ ಮುಹೂರ್ತ ಗಿಹೂರ್ತ ಏನೂ ಇಲ್ಲ. ಅಣ್ಣ ತಾಳಿ ಕಟ್ಟುವಾಗ ಮೊದಲ ಗಂಟು ಒಂದು ಫೈಲಿನಲ್ಲಿ, ಉಳಿದೆರಡು ಇನ್ನೊಂದರಲ್ಲಿ! ಗಟ್ಟಿಮೇಳ ಅರ್ಧಕ್ಕೆ ನಿಂತು, ಪ್ಲೇಯರ್ ತಡವರಿಸಿ, ಮತ್ತೆ ಶುರುವಾಗುತ್ತಿತ್ತು. “ಮೂರೂ ಗಂಟು ಒಟ್ಟಿಗೆ ಬೀಳೋ ಹಾಗೆ ಮಾಡೋ” ಅಂದರು ಅತ್ತಿಗೆ.

ಆಮೇಲೆ ವಿಡಿಯೋ ಕುಗ್ಗಿಸುವ ಹ್ಯಾಂಡ್‌ಬ್ರೇಕ್ ಎಂಬ ತಂತ್ರಾಂಶ ಹಾಕಿಕೊಂಡೆ. ಪುಕ್ಕಟೆ, ಓಪನ್ ಸೋರ್ಸ್, 2003ರಿಂದ ಇರುವಂಥದ್ದು. ತುಂಡುಗಳನ್ನೆಲ್ಲ ತಾನೇ ಸೇರಿಸಿ ಒಂದೇ ಎಂಪಿ4 ಫೈಲ್ ಕೊಡುತ್ತದೆ. 72 ನಿಮಿಷದ, 4.1 ಜಿಬಿಯ ಡಿಸ್ಕ್ ಸುಮಾರು 1.2 ಜಿಬಿಗೆ ಇಳಿಯಿತು. ಖುಷಿಯಲ್ಲಿ ಒಂದೇ ವಾರದಲ್ಲಿ ಆರು ಡಿಸ್ಕ್ ಮುಗಿಸಿದೆ. ನನ್ನ ಹಳೇ ಲ್ಯಾಪ್‌ಟಾಪಿಗೆ ಒಂದೊಂದಕ್ಕೂ ಮುಕ್ಕಾಲು ಗಂಟೆ ಬೇಕಾಗುತ್ತಿತ್ತು. ಬೇಗ ಮುಗಿಯಲಿ ಅಂತ ಅದರಲ್ಲಿ ಚಿತ್ರ ತಿದ್ದುವ ಫಿಲ್ಟರುಗಳನ್ನೆಲ್ಲ ನಾನೇ ಆಫ್ ಮಾಡಿದೆ.

ಆ ಜಾಣತನದ ಫಲ ದೊಡ್ಡ ಟಿವಿಗೆ ಹಾಕಿದಾಗ ಗೊತ್ತಾಯಿತು. ಜನ ಅಕ್ಷತೆ ಹಾಕಲು ಕೈ ಎತ್ತಿದ ಕೂಡಲೇ ಆ ಕೈಗಳೆಲ್ಲ ಬಾಚಣಿಗೆ ಹಲ್ಲಿನ ಹಾಗೆ ಅಡ್ಡಡ್ಡ ಗೆರೆಯಾಗಿ ಕಾಣುತ್ತಿದ್ದವು. ನಮ್ಮ ಕಡೆಯ ಡಿವಿಡಿಗಳು ಪಾಲ್ ಪದ್ಧತಿಯವು: 576 ಗೆರೆ, ಸೆಕೆಂಡಿಗೆ 25 ಚಿತ್ರ. ಮದುವೆ ಕ್ಯಾಮೆರಾ ಪ್ರತಿ ಚಿತ್ರವನ್ನೂ ಎರಡು ಕಂತಿನಲ್ಲಿ ಹಿಡಿದಿರುತ್ತದೆ. ಒಂದು ಕಂತಿನಲ್ಲಿ ಸರಿ ಸಂಖ್ಯೆಯ ಗೆರೆಗಳು, ಇನ್ನೊಂದರಲ್ಲಿ ಬೆಸ ಸಂಖ್ಯೆಯವು. ಹಳೇ ಟಿವಿಗಳು ತೋರಿಸುತ್ತಿದ್ದದ್ದೂ ಹಾಗೇ, ಅದಕ್ಕೇ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಎರಡೂ ಕಂತು ಒಂದೇ ಚಿತ್ರವಾಗಿ ಕೂತರೆ, ನಡುವೆ ಕೈ ಸರಿದಷ್ಟೂ ಹಲ್ಲು ಮೂಡುತ್ತದೆ. ಡಿಇಂಟರ್‌ಲೇಸ್ ಫಿಲ್ಟರ್ ಇರುವುದೇ ಇದಕ್ಕೆ. ಅದರಲ್ಲಿ ಯಾಡಿಫ್ ಆರಿಸಿ, ಜೊತೆಗೆ ಬಾಬ್ ಎಂಬ ಆಯ್ಕೆ ಕೊಟ್ಟರೆ ಪ್ರತಿ ಕಂತೂ ಒಂದು ಪೂರ್ತಿ ಚಿತ್ರವಾಗಿ ಸೆಕೆಂಡಿಗೆ 50 ಸಿಗುತ್ತದೆ. ವಾಲಗದವರ ಬೆರಳು, ಮಕ್ಕಳ ಓಟ ಎಲ್ಲ ನೀರು ಹರಿದ ಹಾಗೆ ನುಣ್ಣಗೆ ಬರುತ್ತದೆ. ಗುಣಮಟ್ಟದ ಆರ್‌ಎಫ್ ಸಂಖ್ಯೆಯನ್ನು 20ಕ್ಕೆ ಇಟ್ಟೆ. ಅದು ಕಮ್ಮಿಯಾದಷ್ಟೂ ಚಿತ್ರ ಚೆನ್ನ, ಫೈಲ್ ದಪ್ಪ.

ಆದರೆ ಆರೂ ಡಿಸ್ಕನ್ನು ಮತ್ತೆ ಮೊದಲಿಂದ ಓದಿಸಬೇಕಾಯಿತು. ಹದಿನೈದು ವರ್ಷ ದಾಟಿದ ಡಿಸ್ಕನ್ನು ಸುಮ್‌ಸುಮ್ನೆ ಎರಡೆರಡು ಸಲ ತಿರುಗಿಸುವುದು ಬೇಕಿತ್ತಾ? ಮೊದಲು ಇದ್ದದ್ದನ್ನು ಇದ್ದ ಹಾಗೆ ಎತ್ತಿಟ್ಟುಕೊಳ್ಳಬೇಕಿತ್ತು. ಕುಗ್ಗಿಸುವ ಆಟವನ್ನು ಆಮೇಲೆ ಎಷ್ಟು ಸಲ ಬೇಕಾದರೂ ಆಡಬಹುದಿತ್ತು.

ಇದ್ದ ಹಾಗೆ ಎತ್ತಲು ಎರಡು ದಾರಿ ನೋಡಿದೆ. ಒಂದು ಮೇಕ್‌ಎಂಕೆವಿ ಎಂಬ ತಂತ್ರಾಂಶ. ಇದು ಚಿತ್ರವನ್ನು ಮುಟ್ಟುವುದಿಲ್ಲ, ಅದನ್ನು ತುಂಬಿಟ್ಟ ಡಬ್ಬಿ, ಅಂದರೆ ಫೈಲಿನ ಬಗೆ, ಮಾತ್ರ ಬದಲಿಸುತ್ತದೆ. ಅದೇ 4.1 ಜಿಬಿ ಡಿಸ್ಕ್ ಕಾಲು ಗಂಟೆಯಲ್ಲಿ ಹೆಚ್ಚು ಕಮ್ಮಿ 4 ಜಿಬಿಯ ಒಂದೇ ಎಂಕೆವಿ ಫೈಲಾಯಿತು. ಮೂರು ಗಂಟೂ ಒಟ್ಟಿಗೆ ಬಿದ್ದವು. ಡಿವಿಡಿ ಮಟ್ಟಿಗೆ ದುಡ್ಡು ಕೊಡಬೇಕಿಲ್ಲ. ಒಂದು ವಿಷಯ ಮಾತ್ರ ನೋಡಿಕೊಳ್ಳಬೇಕು. 120 ಸೆಕೆಂಡಿಗಿಂತ ಚಿಕ್ಕದಾದ ಭಾಗವನ್ನು ಅದು ತಾನಾಗಿಯೇ ಬಿಟ್ಟುಬಿಡುತ್ತದೆ. ಅಕ್ಕನ ಡಿಸ್ಕಿನಲ್ಲಿ ಗುಲಾಬಿ ಹೂವಿನೊಳಗಿಂದ ಗಂಡು ಹೆಣ್ಣಿನ ಮುಖ ಅರಳುವ ಒಂದೂವರೆ ನಿಮಿಷದ ತುಣುಕು ಬೇರೆಯಾಗಿತ್ತು. ಅದು ಕಾಣೆಯಾದದ್ದು ಅಕ್ಕ ಕೇಳಿದ ಮೇಲೇ ನನಗೆ ಗೊತ್ತಾದದ್ದು. ಸೆಟ್ಟಿಂಗಿನಲ್ಲಿ ಆ ಸಂಖ್ಯೆ ಇಳಿಸಿದರೆ ಸರಿಹೋಗುತ್ತದೆ.

ಇನ್ನೊಂದು ದಾರಿ ಇಮ್‌ಬರ್ನ್ ಎಂಬ ತಂತ್ರಾಂಶದಲ್ಲಿ ಐಎಸ್‌ಒ ಮಾಡಿಡುವುದು. 2013ರ ನಂತರ ಅದರ ಹೊಸ ಆವೃತ್ತಿ ಬಂದಿಲ್ಲ, ಆದರೂ ವಿಂಡೋಸಿನಲ್ಲಿ ಚೆನ್ನಾಗಿ ನಡೆಯಿತು. ಐಎಸ್‌ಒ ಅಂದರೆ ಇಡೀ ಡಿಸ್ಕಿನ ಅಚ್ಚು. ‘ಧಾರೆ’, ‘ಆರತಕ್ಷತೆ’ ಎಂದು ಸ್ಟುಡಿಯೋದವರು ಮಾಡಿದ್ದ ಮೆನು ಕೂಡ ಉಳಿಯುತ್ತದೆ. ಮೇಕ್‌ಎಂಕೆವಿಯಲ್ಲಿ ಅದು ಹೋಗುತ್ತದೆ. ಆ ಮೆನು ನೋಡಲು ಅಂಥ ಚೆಂದವೇನಲ್ಲ. ಆದರೆ ಐಎಸ್‌ಒ ಇದ್ದರೆ ಮೇಕ್‌ಎಂಕೆವಿಗೂ ಹ್ಯಾಂಡ್‌ಬ್ರೇಕಿಗೂ ಅದನ್ನೇ ಕೊಡಬಹುದು, ಡಿಸ್ಕ್ ಮತ್ತೆ ಮುಟ್ಟಬೇಕಿಲ್ಲ. ನಾನು ಕೊನೆಗೆ ಇದಕ್ಕೇ ಅಂಟಿಕೊಂಡೆ. ಅಂದ ಹಾಗೆ, ಡಿಸ್ಕಿನ ಮೇಲೆ 4.7 ಜಿಬಿ ಅಂತಿದ್ದು ವಿಂಡೋಸಿನಲ್ಲಿ 4.38 ಕಂಡರೆ ಗಾಬರಿ ಬೇಡ. ಎಣಿಸುವ ಲೆಕ್ಕ ಬೇರೆ, ಅಷ್ಟೇ.

ಅಂಗಡಿಯಿಂದ ಕೊಂಡ ಸಿನಿಮಾ ಡಿಸ್ಕುಗಳ ಗೊಡವೆಗೆ ನಾನು ಹೋಗಲಿಲ್ಲ. ಅವುಗಳಲ್ಲಿ ಹೆಚ್ಚಿನವಕ್ಕೆ ಸಿಎಸ್‌ಎಸ್ ಬೀಗ ಇರುತ್ತದೆ, ಹ್ಯಾಂಡ್‌ಬ್ರೇಕ್ ತಾನಾಗಿ ಅದನ್ನು ತೆಗೆಯುವುದಿಲ್ಲ. ನಮ್ಮ ಕಾಪಿರೈಟ್ ಕಾಯ್ದೆಗೆ 2012ರ ತಿದ್ದುಪಡಿಯಲ್ಲಿ ಇಂಥ ಬೀಗ ಮುರಿಯುವುದರ ಬಗ್ಗೆ 65ಎ ಕಲಂ ಸೇರಿದೆ.

ಹೀಗೆ 11 ಡಿಸ್ಕ್ ತೊಂದರೆ ಇಲ್ಲದೆ ಬಂದವು. ಉಳಿದ ಮೂರು ಕಾಟ ಕೊಟ್ಟವು. ಬೀರು ಇದ್ದದ್ದು ಮಹಡಿ ಕೋಣೆಯಲ್ಲಿ, ಆರ್‌ಸಿಸಿ ತಾರಸಿ ಕೆಳಗೆ. ಬರೆಯುವ ಡಿಸ್ಕಿನಲ್ಲಿ ಮಾಹಿತಿ ಹಿಡಿದಿಡುವುದು ಒಂದು ಬಗೆಯ ಬಣ್ಣ. ಅದಕ್ಕೆ ಬಿಸಿಯೂ ಬಿಸಿಲೂ ಆಗುವುದಿಲ್ಲ. ಜೊತೆಗೆ ಒಂದರ ಮೇಲೆ ದುಂಡನೆಯ ಕಾಗದದ ಸ್ಟಿಕ್ಕರ್ ಅಂಟಿಸಿದ್ದರು. ಅದರ ಒಂದು ಅಂಚು ಎದ್ದು, ಡ್ರೈವಿನೊಳಗೆ ಮಿಕ್ಸಿ ತಿರುಗಿದ ಹಾಗೆ ಸದ್ದು. ಕೀಳಲು ಹೋಗದೆ ಎದ್ದ ಅಂಚನ್ನಷ್ಟೇ ಕತ್ತರಿಸಿದೆ. ಟೂತ್‌ಪೇಸ್ಟ್ ಹಚ್ಚಿ ಉಜ್ಜಿ ಎಂದು ಪಕ್ಕದ ಮನೆಯವರು ಸಲಹೆ ಕೊಟ್ಟರು. ನಾನು ಮಾಡಿದ್ದು ಇಷ್ಟೇ: ಮೆತ್ತನೆ ಬಟ್ಟೆ ಒದ್ದೆ ಮಾಡಿ, ನಡುವಿನಿಂದ ಅಂಚಿಗೆ ನೇರವಾಗಿ ಒರೆಸಿದೆ. ಸುತ್ತ ತಿರುಗಿಸಿ ಒರೆಸಿದರೆ ಬೀಳುವ ಗೀರು ಮಾಹಿತಿ ಓಡುವ ದಿಕ್ಕಿನಲ್ಲೇ ಬೀಳುತ್ತದೆ.

ಒರೆಸಿದ್ದಕ್ಕೆ ಒಂದು ಡಿಸ್ಕ್ ಓಡಿತು. ಸ್ಟಿಕ್ಕರಿನದೂ ಇನ್ನೊಂದೂ ಓಡಲಿಲ್ಲ. ಓದಲಾಗದ ಜಾಗ ಬಂದರೆ ಮೇಕ್‌ಎಂಕೆವಿ ಕೈಚೆಲ್ಲುತ್ತಿತ್ತು. ಇಮ್‌ಬರ್ನ್ ಅದೇ ಜಾಗವನ್ನು ಹಿಡಿದು ಕೂರುತ್ತಿತ್ತು. ಆಗ ಪೆನ್‌ಡ್ರೈವಿನಿಂದ ವಿಂಡೋಸಿನ ಬದಲು ಉಬುಂಟು ಹಾಕಿ, ಕೆಟ್ಟ ಡಿಸ್ಕಿನಿಂದ ಮಾಹಿತಿ ಎತ್ತುವ ಡಿಡಿರೆಸ್ಕ್ಯೂ ಓಡಿಸಿದೆ. ಕಪ್ಪು ಪರದೆ, ಟೈಪ್ ಮಾಡಿ ಆಜ್ಞೆ ಕೊಡಬೇಕು, ಮೊದಲು ಸ್ವಲ್ಪ ಭಯವೇ. ಆದರೆ ಇದರ ಬುದ್ಧಿ ನೋಡಿ. ಮೊದಲ ಸುತ್ತಿನಲ್ಲಿ ಸುಲಭವಾಗಿ ಬರುವುದನ್ನೆಲ್ಲ ಬಾಚಿಕೊಳ್ಳುತ್ತದೆ, ಕಷ್ಟದ ಜಾಗವನ್ನು ದಾಟಿ ಮುಂದೆ ಹೋಗುತ್ತದೆ. ಯಾವುದು ಬಂತು, ಯಾವುದು ಬಾಕಿ ಎಂದು ಮ್ಯಾಪ್ ಫೈಲಿನಲ್ಲಿ ಬರೆದಿಡುತ್ತದೆ. ಆಮೇಲೆ ಬಾಕಿ ಜಾಗಕ್ಕೆ ಮಾತ್ರ ಮತ್ತೆ ಮತ್ತೆ ಕೈ ಹಾಕುತ್ತದೆ. ರಾತ್ರಿ ನಿಲ್ಲಿಸಿ ಬೆಳಗ್ಗೆ ಅಲ್ಲಿಂದಲೇ ಮುಂದುವರಿಸಬಹುದು.

ಎರಡು ರಾತ್ರಿ ಆದ ಮೇಲೆ ಬಾಕಿ ಇಳಿಯುವುದು ನಿಂತಿತು. ಡಿಸ್ಕುಗಳನ್ನೂ, ಅಲ್ಲಿವರೆಗೆ ಬಂದಿದ್ದ ಅರೆಬರೆ ಐಎಸ್‌ಒಗಳನ್ನೂ, ಅವುಗಳ ಮ್ಯಾಪ್ ಫೈಲುಗಳನ್ನೂ ಹಿಡಿದುಕೊಂಡು ಸ್ನೇಹಿತನ ಹಳೇ ಡೆಸ್ಕ್‌ಟಾಪಿಗೆ ಹೋದೆ. ಒಂದು ಡ್ರೈವಿಗೆ ಕಾಣದ್ದು ಇನ್ನೊಂದಕ್ಕೆ ಕಾಣುತ್ತದೆ. ನನ್ನ ಡ್ರೈವಿಗೆ ಬಾರದ ಎಷ್ಟೋ ಜಾಗ ಆ ದಪ್ಪ ಡ್ರೈವಿಗೆ ಸಲೀಸಾಗಿ ಬಂತು. ಸ್ಟಿಕ್ಕರಿನ ಡಿಸ್ಕ್ ಪೂರ್ತಿಯಾಯಿತು. ಅಣ್ಣನ ಆರತಕ್ಷತೆಯ ಡಿಸ್ಕಿನಲ್ಲಿ 11 ಎಂಬಿ ಮಾತ್ರ ಕೊನೆವರೆಗೂ ಬರಲೇ ಇಲ್ಲ.

ಈಗ ಐಎಸ್‌ಒಗಳು ಒಂದು ಪ್ರತಿ ನನ್ನ ಹಾರ್ಡ್ ಡಿಸ್ಕಿನಲ್ಲಿ, ಇನ್ನೊಂದು ಅಕ್ಕನ ಮನೆಯಲ್ಲಿ. ಟಿವಿಗೆ ಹಾಕಲು ಹ್ಯಾಂಡ್‌ಬ್ರೇಕಿನ ಎಂಪಿ4. ನಮ್ಮ ಟಿವಿಗೆ ಡಿವಿಡಿಯ ಎಸಿ3 ಬಗೆಯ ಆಡಿಯೋ ಹಿಡಿಸುತ್ತಿರಲಿಲ್ಲ, ಅದನ್ನು ಎಎಸಿ ಎಂಬ ಇನ್ನೊಂದು ಬಗೆಗೆ ಬದಲಿಸಿದ ಮೇಲೆ ಸದ್ದು ಬಂತು.

ಆ 11 ಎಂಬಿ ಅಂದರೆ ಸುಮಾರು ಹತ್ತು ಹನ್ನೆರಡು ಸೆಕೆಂಡ್. ಅತ್ತಿಗೆಗೆ ಮೊದಲೇ ಹೇಳಿಬಿಡೋಣ ಅಂತ, “ಇಲ್ಲೊಂದು ಕಡೆ ಚಿತ್ರ ಹೆಪ್ಪುಗಟ್ಟುತ್ತೆ, ಏನು ಮಾಡಿದರೂ ಬರಲಿಲ್ಲ” ಅಂದೆ. ಎಲ್ಲರೂ ಕಾದು ಕೂತೆವು. ಸ್ಟೇಜಿನ ಮೇಲೆ ಹುಡುಗಿ ಕಡೆಯವರು ಸಾಲಾಗಿ ಫೋಟೋಗೆ ನಿಂತಿದ್ದರು. ನಿಂತೇ ಇದ್ದರು. ಆಮೇಲೆ ಇಳಿದು ಹೋದರು.

“ಎಲ್ಲೋ ಅದು?” ಅಂದರು ಅತ್ತಿಗೆ.