ವೈಫೈ ಸಿಗದ ಕೋಣೆಗೆ ಎಕ್ಸ್‌ಟೆಂಡರ್: ಎಲ್ಲಿ ಹಾಕಬೇಕು, ಯಾವುದು ಕೊಳ್ಳಬೇಕು

ಪ್ಲಗ್ ಎಕ್ಸ್‌ಟೆಂಡರನ್ನು (ಸಾಕೆಟ್‌ಗೆ ಸಿಕ್ಕಿಸಿದರೆ ರೂಟರಿನ ವೈಫೈಯನ್ನು ಮುಂದೆ ದಾಟಿಸುವ ಸಾಧನ) ಸಿಗ್ನಲ್ ಸಿಗದ ಕೋಣೆಯಲ್ಲಿ ಹಾಕಬೇಡಿ. ರೂಟರಿಗೂ ಆ ಕೋಣೆಗೂ ನಡುವೆ, ಮೊಬೈಲಿನ ವೈಫೈ ಅನಲೈಸರ್ ಆ್ಯಪ್‌ನಲ್ಲಿ -55ರಿಂದ -65 ಡಿಬಿಎಂ (ಸಿಗ್ನಲ್ ಬಲದ ಅಳತೆ, ಸೊನ್ನೆಗೆ ಹತ್ತಿರವಾದಷ್ಟೂ ಬಲ ಹೆಚ್ಚು) ತೋರಿಸುವ ಸಾಕೆಟ್‌ಗೆ ಹಾಕಿ. ತನಗೆ ಸಿಕ್ಕಿದ್ದನ್ನಷ್ಟೇ ಅದು ಮುಂದೆ ದಾಟಿಸಬಲ್ಲದು. -75ರ ಜಾಗದಲ್ಲಿಟ್ಟರೆ ಮೊಬೈಲಿನಲ್ಲಿ ಸಿಗ್ನಲ್ ಗೆರೆ ತುಂಬಿರುತ್ತದೆ, ವಿಡಿಯೊ ಮಾತ್ರ ಸುತ್ತುತ್ತಲೇ ಇರುತ್ತದೆ. ಕೊಳ್ಳುವಾಗ 'ಎನ್300' ಎಂದಿರುವ ಸಿಂಗಲ್ ಬ್ಯಾಂಡ್ (2.4 ಗಿಗಾಹರ್ಟ್ಸ್ ಮಾತ್ರ) ಬಿಟ್ಟು 'ಎಸಿ1200' ಡ್ಯುಯಲ್ ಬ್ಯಾಂಡ್ (2.4 ಮತ್ತು 5 ಗಿಗಾಹರ್ಟ್ಸ್ ಎರಡೂ) ನೋಡಿ: ಮೊದಲನೆಯದು ಒಂದೇ ಚಾನೆಲ್‌ನಲ್ಲಿ ಪಡೆದು ಅದರಲ್ಲೇ ಕಳಿಸುವುದರಿಂದ ವೇಗ ಸುಮಾರು ಅರ್ಧಕ್ಕಿಳಿಯುತ್ತದೆ. ಲ್ಯಾನ್ ಪೋರ್ಟ್ (ನೆಟ್ ಕೇಬಲ್ ಸಿಕ್ಕಿಸುವ ಕಿಂಡಿ) ಇರುವುದೇ ಒಳ್ಳೆಯದು. ರೂಟರಿನಿಂದ ಕೇಬಲ್ ಎಳೆಯಲು ದಾರಿಯಿದ್ದರೆ ಆ್ಯಕ್ಸೆಸ್ ಪಾಯಿಂಟ್ ಮೋಡ್‌ಗೆ (ಕೇಬಲ್‌ನಿಂದ ಪಡೆದು ವೈಫೈಯಾಗಿ ಕೊಡುವ ಬಗೆ) ಬದಲಾಯಿಸಿ ಸಿಗ್ನಲ್ ಸಿಗದ ಕೋಣೆಯಲ್ಲೇ ಇಡಬಹುದು, ವೇಗವೂ ಅರ್ಧವಾಗುವುದಿಲ್ಲ. ಆದರೆ ಅಗ್ಗದ ಮಾಡೆಲ್‌ಗಳ ಪೋರ್ಟ್ ಬಹುತೇಕ 100 ಎಂಬಿಪಿಎಸ್‌ನದು, 200 ಎಂಬಿಪಿಎಸ್ ಪ್ಲ್ಯಾನ್ ಇದ್ದವರು ಪೆಟ್ಟಿಗೆಯ ಮೇಲೆ 'ಗಿಗಾಬಿಟ್' ಎಂದಿದೆಯೇ ನೋಡಿಕೊಳ್ಳಿ. ಆರ್‌ಸಿಸಿ ತಾರಸಿ ದಾಟಿ ಮೇಲಿನ ಮಹಡಿಗೆ ಹೋಗಬೇಕಾದರೆ ಈ ಉಪಾಯ ಕೈಕೊಡುವುದೇ ಹೆಚ್ಚು. ಮೆಟ್ಟಿಲ ಬಳಿಯ ಸಾಕೆಟ್ ಪ್ರಯತ್ನಿಸಿ, ಇಲ್ಲವಾದರೆ ಕೇಬಲ್ಲೇ ಗತಿ. ಫ್ರಿಜ್, ಮೈಕ್ರೊವೇವ್ ಪಕ್ಕ ಬೇಡ. ಸಾಕೆಟ್ ಯುಪಿಎಸ್ ಲೈನಿನದ್ದೇ ಆಗಿರಲಿ, ಇಲ್ಲದಿದ್ದರೆ ಕರೆಂಟ್ ಹೋದಾಗ ರೂಟರ್ ಚಾಲೂ ಇದ್ದರೂ ಆ ಕೋಣೆಗೆ ನೆಟ್ ಇರುವುದಿಲ್ಲ.